ಬಳೆ ಅಂಗಡಿಯ ಒಳಖೋಲಿ

ಓ ಚಿದ್ರಿ ಮಂದೀ! ಏ, ಹಾಲಿನ ಕ್ಯಾನ್ ಹಿಡಕೊಂಡು ಆ ಕಡಿ ದಾಟ್ಲಾಕತ್ತಾಂವ, ಸ್ವಲ್ಪ ನಿಂದರಪಾ! ಹೋಟೆಲ್ ಮುಂದ ಚಹಾ ಕುಡೀಲಾಕತ್ತವರು, ಕಪ್ ಕೆಳಗ ಇಡ್ರಿ, ಈ ಕಡಿ ಕಿವಿ ಕೊಡ್ರಿ! ಸ್ಪೀಕರ್ ಮ್ಯಾಲ ಮಾತ್ರ ಹಾಕಬ್ಯಾಡ್ರಿ, ಫೋನ್ ಕಿವಿಗಿ ಹಚ್ಕೊಂಡು ಕೇಳ್ರಿ. ಮಗ್ಗಲದಾಗ ಯಾರ್ ಕುಂತಾರೋ ಯಾರಿಗ್ ಗೊತ್ತು. ಹೆಸರು, ಓಣಿ ಎಲ್ಲಾ ಬದಲ್ ಮಾಡೀನಿ, ಹುಡುಕ್ಲಾಕ ಹೋಗಬ್ಯಾಡ್ರಿ. ಇದು ಬಳಿ ಅಕ್ತರಬೀ ಸುದ್ದಿ. ಆಕಿ ಸುದ್ದಿ ಕೇಳೋದಿದ್ರ ಆಕಿ ಹಂಗೇ ಕೇಳಬೇಕು, ಒಂದು ಕಣ್ಣು ಬಾಗಲದ ಮ್ಯಾಲ ಇಟ್ಟು!

ಚಿದ್ರಿಯ ಒಂದು ಓಣಿಯಲ್ಲಿ, ಇಸ್ತ್ರಿ ಅಂಗಡಿಯ ಮಗ್ಗುಲಿಗೆ, ಅಕ್ತರಬೀಯ ಬಳೆ ಅಂಗಡಿ ಇದೆ. ಮುಂದೆ ಗಾಜಿನ ಕಪಾಟು, ಕಪಾಟಿನ ತುಂಬ ಬಳೆ. ಅಲ್ಲಿ ಯಾರು ಬೇಕಾದರೂ ನಿಂತು ಬಣ್ಣ ಆರಿಸಬಹುದು. ಕಪಾಟಿನ ಹಿಂದೆ ಹಸಿರು ಪರದೆ. ಪರದೆಯ ಆಚೆಯದು ಒಳಖೋಲಿ. ಅಲ್ಲಿಗೆ ಗಂಡಸರು ಬರುವಂತಿಲ್ಲ. ಅಕ್ತರಬೀಯ ಗಂಡ ಖಾಸಿಂ ಅಲಿ ಕೂಡ ಬರುವಂತಿಲ್ಲ. ಬಲ್ಬು ಕೆಟ್ಟರೆ ಐವತ್ತು ದಾಟಿದ ಅಕ್ತರಬೀಯೇ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತುತ್ತಾಳೆ, ಖಾಸಿಂ ಅಲಿ ಪರದೆಯ ಈಚೆ ನಿಂತು ಅಲ್ಲಾಹುವಿನ ಹೆಸರು ಹೇಳುತ್ತಾನೆ.

ಒಳಖೋಲಿಯಲ್ಲಿ ಒಂದು ಚಾಪೆ, ಒಂದು ಬಟ್ಟಲು ನೀರು, ಒಂದು ಸಾಬೂನಿನ ತುಂಡು, ಇಷ್ಟೇ. ಬಂದವರು ಬುರ್ಖಾ ತೆಗೆದು ಗೂಟಕ್ಕೆ ಹಾಕುತ್ತಾರೆ, ಸೆರಗು ಹೊದ್ದವರು ಸೆರಗು ಇಳಿಸಿ ಗಾಳಿ ಹಾಕಿಕೊಳ್ಳುತ್ತಾರೆ. ಅಕ್ತರಬೀ ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಗೆಣ್ಣು ಒತ್ತಿ ಮೆತ್ತಗೆ ಮಾಡಿ, ಸಾಬೂನು ಸವರಿ, ಗಾಜಿನ ಬಳೆ ಒಂದೊಂದೇ ಏರಿಸುತ್ತಾಳೆ. ಕೈ ಒಬ್ಬರ ವಶಕ್ಕೆ ಹೋದರೆ ಬಾಯಿಯೂ ಸಡಿಲಾಗುತ್ತದೆ. ಯಾರಿಗೆ ಮುಟ್ಟು ನಿಂತಿದೆ, ಯಾರ ಗಂಡ ಕೈ ಎತ್ತಿದ, ಯಾರ ಮಗಳು ಯಾರನ್ನು ಇಷ್ಟಪಟ್ಟಿದ್ದಾಳೆ, ಎಲ್ಲವೂ ಆ ಚಾಪೆಯ ಮೇಲೆ ಬೀಳುತ್ತಿತ್ತು. ಚಾಪೆ ಬಿಟ್ಟು ಆಚೆಗೆ ಹೋಗುತ್ತಿರಲಿಲ್ಲ.

ಆಕೆಯ ಕಸುಬಿನಲ್ಲಿ ಒಂದು ಕಟ್ಟುಪಾಡು ಇದೆ. ಒಂದು ಕೈಗೆ ಬಳೆ ತೊಡಿಸಿ, ಇನ್ನೊಂದು ಕೈ ಬರಿದಾಗಿ ಇರುವಾಗ ಹೆಣ್ಣನ್ನು ಚಾಪೆಯಿಂದ ಎಬ್ಬಿಸಬಾರದು. ಮನೆಗೆ ಬೆಂಕಿ ಬಿದ್ದರೂ ಎರಡನೇ ಕೈ ಮುಗಿಸಿಯೇ ಎದ್ದೇಳಬೇಕು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಇನ್ನು ಅಕ್ತರಬೀಯ ಸಂಶಯ. ಅದರ ಬಗ್ಗೆ ಓಣಿಯೇ ನಗುತ್ತದೆ. ಔಷಧಿ ಅಂಗಡಿಯಲ್ಲಿ ಹುಡುಗ ಬಿಲ್ಲಿಗೆಂದು ಫೋನ್ ನಂಬರ್ ಕೇಳಿದರೆ, "ಕೆಮ್ಮು ನನಗ ಬಂದದೋ ನನ್ನ ಫೋನಿಗೋ?" ಎನ್ನುತ್ತಾಳೆ. ಸಮೀಕ್ಷೆಯವರು ಬಂದು ಮನೆಯಲ್ಲಿ ಎಷ್ಟು ಮಂದಿ ಎಂದರೆ, "ನೀವು ಎಷ್ಟು ಮಂದಿ ಬಂದೀರಿ, ಮೊದ್ಲು ಅದು ಹೇಳ್ರಿ" ಎನ್ನುತ್ತಾಳೆ. ಫೋನಿನಲ್ಲಿ ಏನೇ ಅನುಮತಿ ಕೇಳಿದರೂ 'ಬೇಡ' ಎಂದು ಒತ್ತಿ ಒತ್ತಿ, ಆಕೆಯ ಫೋನ್ ಈಗ ಕರೆ ಮಾಡಲು ಬಿಟ್ಟರೆ ಇನ್ನು ಯಾವುದಕ್ಕೂ ಬರುವುದಿಲ್ಲ.

ನಗುವವರಿಗೆ ಔರಾದಿನ ಕಥೆ ಗೊತ್ತಿಲ್ಲ. ಅಕ್ತರಬೀಯ ತಾಯಿ ಹಾಜಿರಾಬೀ ಔರಾದಿನವಳು. ಅಂಗಡಿ ಇರಲಿಲ್ಲ. ಬಳೆಗಳನ್ನು ಹಗ್ಗಕ್ಕೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು, ಹಳ್ಳಿ ಹಳ್ಳಿ ತಿರುಗುತ್ತಿದ್ದಳು. ಪುಟ್ಟ ಅಕ್ತರ ಆಕೆಯ ಸೆರಗು ಹಿಡಿದು ಹಿಂದೆ. ತುರ್ತು ಪರಿಸ್ಥಿತಿಯ ಕಾಲ. ಒಂದು ಹಳ್ಳಿಯ ಕಟ್ಟೆಯ ಮೇಲೆ ಪ್ಯಾಂಟು ತೊಟ್ಟ ಒಬ್ಬ ಸಾಹೇಬ ಕುಳಿತಿದ್ದ. ಹಾಜಿರಾಬೀಗೆ ಚಹಾ ಕೊಡಿಸಿ, ನಗುನಗುತ್ತಾ, "ಎಲ್ಲಾ ಮನಿ ಒಳಗೂ ಹೋಗ್ತಿ, ಯಾರಿಗಿ ಎಷ್ಟು ಮಕ್ಕಳು ನಿನಗ ಗೊತ್ತಿರಬೇಕಲ್ಲ?" ಎಂದ. ಅದು ಬಳೆಗಾರ್ತಿಗೆ ಗೊತ್ತಿಲ್ಲದ ವಿಷಯವೇ? ಪ್ರತಿ ಕೂಸಿನ ಮೊದಲ ಕರಿಬಳೆ ತೊಡಿಸಿದವಳು ಆಕೆ. ಹೆಮ್ಮೆಯಿಂದ ಹೇಳಿಬಿಟ್ಟಳು, ಆ ಮನೆಯಲ್ಲಿ ನಾಲ್ಕು, ಈ ಮನೆಯಲ್ಲಿ ಐದು. ಮುಂದಿನ ಸಲ ಹೋಗುವಷ್ಟರಲ್ಲಿ ಜೀಪು ಬಂದು ಹೋಗಿತ್ತು. ಹೇಳಿದ ಮನೆಗಳ ಮುಂದೆಯೇ ನಿಂತಿತ್ತು. ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದಂತೆ ಆಪರೇಷನ್ ಮಾಡಿಸಿ ಕಳಿಸಿದ್ದರು. ಹಾಜಿರಾಬೀ ಬಾಗಿಲು ಬಾಗಿಲಿಗೆ ನಿಂತು ಕೂಗಿದಳು. ಆ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳೂ ಕೈ ಚಾಚಲಿಲ್ಲ. ಆ ದಿನವೂ ಇಲ್ಲ, ಸಾಯುವ ತನಕವೂ ಇಲ್ಲ.

"ಮನಿ ಮಾತು ಬಳಿ ಬುಟ್ಟ್ಯಾಗ ಹಾಕಬ್ಯಾಡ, ಅಕ್ತರ," ಎಂದು ಆಮೇಲೆ ತಾಯಿ ಬದುಕಿರುವ ತನಕ ಹೇಳುತ್ತಿದ್ದಳು. "ಚಹಾ ಕುಡಿಸಿ ಕೇಳೋರಿಗಂತೂ ಹೇಳಲೇಬ್ಯಾಡ."

ಇಂಥ ಅಕ್ತರಬೀಯ ಅಂಗಡಿಗೆ ಮಳೆಗಾಲ ಶುರುವಾಗುವ ಮುಂಚೆ ಇಬ್ಬರು ಬಂದರು. ಒಬ್ಬ ಸತೀಶಕುಮಾರ, ಕಮಠಾಣದವನು, ಕ್ಯಾಮೆರಾ ಮಾರುವುದು, ಗೋಡೆಗೆ ಕೂರಿಸುವುದು ಅವನ ಧಂದೆ. ಅವನ ಜೊತೆ ಖಾಕಿ ತೊಟ್ಟ ಐಶ್ವರ್ಯಾ, ಠಾಣೆಯ ಕಾನ್‌ಸ್ಟೇಬಲ್. ಈಕೆ ಪರಕೀಯಳಲ್ಲ. ಭಾಲ್ಕಿಯ ಶಾಂತಾಬಾಯಿಯ ಮಗಳು. ಅಕ್ತರಬೀ ಭಾಲ್ಕಿಯ ಸಂತೆಗೆ ಬಳೆ ಹೊತ್ತು ಹೋಗುತ್ತಿದ್ದ ಕಾಲದಿಂದ ಶಾಂತಾಬಾಯಿಯ ಮನೆಯ ಪಡಸಾಲೆಯಲ್ಲೇ ಆಕೆಯ ಊಟ. ಈ ಐಶ್ವರ್ಯಾಳಿಗೆ ತೊಟ್ಟಿಲಲ್ಲಿ ಕರಿಬಳೆ ತೊಡಿಸಿದವಳೂ ಅಕ್ತರಬೀಯೇ.

"ಖಾಲಾ, ಆರ್ಡರ್ ಬಂದದ," ಎಂದ ಸತೀಶಕುಮಾರ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. "ಮಂದಿ ಕೂಡೋ ಎಲ್ಲಾ ಅಂಗಡ್ಯಾಗೂ ಕ್ಯಾಮೆರಾ ಹಾಕಬೇಕಂತ."

"ಎಲ್ಲದ ಆರ್ಡರ್? ಕಾಗದ ತೋರ್ಸು."

"ವಾಟ್ಸಾಪ್‌ದಾಗ ಬಂದದರಿ."

"ವಾಟ್ಸಾಪ್‌ದಾಗ ದಿನಾ ಮುಂಜಾನಿ ಗುಲಾಬಿ ಹೂವಿನ ಫೋಟೋನೂ ಬರ್ತಾವ. ಅವನ್ನೂ ಗ್ವಾಡಿಗಿ ಹೊಡೀಲೇನು?"

ಐಶ್ವರ್ಯಾ ನಗು ತಡೆದುಕೊಂಡಳು. "ನಿಮ್ಮ ಸುರಕ್ಷಾಕ್ಕೇ ಅದರಿ ಖಾಲಾ."

"ಯಾರಿಂದ ಸುರಕ್ಷಾ, ಬೇಟಿ? ಬಳಿ ಇಡಸ್ಕೊಳ್ಳಾಕ ಬರೋರಿಂದೇನು? ಬಾಗಲಕ್ಕ ಹಾಕ್ರಿ, ನಾ ಬ್ಯಾಡ ಅನ್ನಂಗಿಲ್ಲ. ಹಾದ್ಯಾಗ ಕಳ್ಳರು ತಿರುಗ್ತಾರ, ಸಾಲಿ ಹುಡುಗ್ಯಾರು ತಿರುಗ್ತಾರ, ನೋಡ್ಕೋರಿ. ಒಳಗ ಯಾಕ?"

"ಮಂದಿ ಕುಂದ್ರೋದು ಒಳಗಲ್ಲರಿ?" ಎಂದ ಸತೀಶಕುಮಾರ. "ಮಂದಿ ಎಲ್ಲಿ ಕುಂದ್ರತಾರ, ಅಲ್ಲೇ ಇರಬೇಕಂತ."

"ಅಂಗಡಿ ನಂದು, ಗ್ವಾಡಿ ನಂದು, ಕರೆಂಟ್ ನಂದು. ಕ್ಯಾಮೆರಾ ತಗೊಳ್ಳೋದೂ ನಾನೇ. ನೋಡೋದು ಮಾತ್ರ ನೀವಾ? ಭಾಳ ಛೋಲೊ ಆತು ಬಿಡು!"

"ಯಾರೂ ನೋಡಂಗಿಲ್ಲ, ಖಾಲಾ," ಎಂದಳು ಐಶ್ವರ್ಯಾ. "ಬರೇ ರೆಕಾರ್ಡ್ ಆಗಿ ಬಿದ್ದಿರತದ. ಏನಾರ ಆದಾಗ ತಗದು ನೋಡ್ತಾರ, ಅಷ್ಟೇ." ಹೇಳುವಾಗ ಆಕೆ ಅಕ್ತರಬೀಯ ಮುಖ ನೋಡಲಿಲ್ಲ. ಪರದೆಯ ಸಂದಿನಿಂದ ಕಾಣುತ್ತಿದ್ದ, ಗೂಟದ ಮೇಲಿನ ಯಾರದೋ ಬುರ್ಖಾದ ಕಡೆ ನೋಡುತ್ತಿದ್ದಳು. ಅಕ್ತರಬೀ ಅದನ್ನು ಗಮನಿಸಿ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆದರೆ ಖಾಸಿಂ ಅಲಿ ಅಂಜುಬುರುಕ. ಲೈಸೆನ್ಸ್ ಹೊಸದು ಮಾಡಿಸುವುದು ಬಾಕಿ ಇತ್ತು. "ಕಿರಾಣಿ ಅಂಗಡ್ಯಾಗ ಗಲ್ಲಾದಾಗಿನ ರೊಕ್ಕ ಕದ್ದಾಂವನ್ನ ಹಿಡಿದದ್ದು ಕ್ಯಾಮೆರಾನೇ ಅಲ್ಲೇನ?" ಎಂದು ಹೆಂಡತಿಗೆ ಹೇಳಿದ. "ಸರಕಾರದ ಮುಂದ ನಾವು ಯಾರು? ಅಂಗಡಿಗಿ ಬೀಗ ಹಾಕಿ ಸೀಲ್ ಹೊಡದ್ರ ಏನ್ ತಿಂತಿ, ಗಾಜು ತಿಂತೀ?" ಅವನ ಮಾತಿನಲ್ಲೂ ಹುರುಳಿತ್ತು. ಅಕ್ತರಬೀ ಪರದೆ ಸರಿಸಿ ದಾರಿ ಬಿಟ್ಟಳು. ಹಾಗಾಗಿ ಒಳಖೋಲಿಗೆ ಕಾಲಿಟ್ಟ ಮೊದಲ ಗಂಡಸು ಸತೀಶಕುಮಾರ, ಕೈಯಲ್ಲಿ ಡ್ರಿಲ್ ಮಶೀನು ಹಿಡಿದು. ಗೋಡೆಗೆ ತೂತು ಕೊರೆದು, ವೈರು ತೂರಿಸಿ, ಬಿಳಿ ಬುರುಡೆಯಂಥದನ್ನು ಮೇಲೆ ಕೂರಿಸಿ ಹೋದ. ಉದುರಿದ ಸುಣ್ಣವನ್ನು ಅಕ್ತರಬೀ ಗುಡಿಸಿದಳು. ತೂತನ್ನು ಮಾತ್ರ ಹೇಗೆ ಗುಡಿಸುವುದು?

ಆಮೇಲೆ ಶುರುವಾಯಿತು ನೋಡಿ. ಒಬ್ಬಳು ಬುರ್ಖಾ ತೆಗೆಯದೆ ಕೈ ಮಾತ್ರ ಚಾಚಿದಳು. ಇನ್ನೊಬ್ಬಳು ಪರದೆ ಸರಿಸಿ ಮೇಲೆ ನೋಡಿದವಳೇ, "ಒಲಿ ಮ್ಯಾಲ ಹಾಲು ಇಟ್ಟು ಬಂದೀನ್ರಿ," ಎಂದು ಹಿಂತಿರುಗಿದಳು. ಬಂದವರೂ ಮಳೆ, ತೊಗರಿ ಬೇಳೆ, ಇಷ್ಟರ ಬಗ್ಗೆ ಮಾತ್ರ ಮಾತಾಡಿ ಎದ್ದು ಹೋಗುತ್ತಿದ್ದರು.

ಅಕ್ತರಬೀ ಒಂದು ದಿನ ಕ್ಯಾಮೆರಾದ ಮೇಲೆ ಓಢಣಿ ಎಸೆದಳು. ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಸತೀಶಕುಮಾರನ ಫೋನ್.

"ಖಾಲಾ, ಕ್ಯಾಮೆರಾ ಮ್ಯಾಲ ಏನೋ ಬಿದ್ದದ ನೋಡ್ರಿ."

"ಯಾರೂ ನೋಡಂಗಿಲ್ಲ ಅಂದಿದ್ರಲ್ಲ. ನಿನಗ ಹ್ಯಾಂಗ ಗೊತ್ತಾತು?"

"ಮಶೀನ್ ತಾನೇ ಮೆಸೇಜ್ ಕಳಸ್ತದರಿ."

ಇರಬಹುದು, ಇರದೆಯೂ ಇರಬಹುದು. ಆಕೆ ಇನ್ನೊಂದು ಪರೀಕ್ಷೆ ಮಾಡಿದಳು. ಖಾಲಿ ಖೋಲಿಯಲ್ಲಿ ಕುಳಿತು, ಕ್ಯಾಮೆರಾಕ್ಕೆ ಕೇಳುವ ಹಾಗೆ, "ಆ ಸತೀಶನ ಮೀಸಿ ನೋಡಿದ್ರ ತೊಯ್ದ ಬೆಕ್ಕಿನ ಬಾಲ ನೆನಪಾಗ್ತದ!" ಎಂದಳು. ಮರುವಾರ ಸತೀಶಕುಮಾರ ಓಣಿಯಲ್ಲಿ ಹಾದುಹೋದ. ಮೀಸೆ ಇರಲಿಲ್ಲ. ಅಕ್ತರಬೀ ಇಸ್ತ್ರಿ ಅಂಗಡಿಯವರೆಗೂ ಓಡಿ ಹೋಗಿ ಅವನನ್ನು ನಿಲ್ಲಿಸಿದಳು.

"ಮೀಸಿ ಯಾಕ ತಗದಿ?"

"ತಮ್ಮನ ಲಗ್ನ ಇತ್ತರಿ ಖಾಲಾ," ಎಂದ ಅವನು ಬೆರಗಾಗಿ. ಮೂರು ದಿನ ಆಕೆಗೆ ನಿದ್ದೆ ಬರಲಿಲ್ಲ. ತಮ್ಮನ ಲಗ್ನಕ್ಕೆ ಯಾರಾದರೂ ಮೀಸೆ ತೆಗೆಯುತ್ತಾರೆಯೇ?

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಇಸ್ತ್ರಿ ಅಂಗಡಿಯ ಮುಂದೆ ಇಬ್ಬರು ಹೆಂಗಸರು ಆಡುತ್ತಿದ್ದ ಮಾತು ಆಕೆಯ ಕಿವಿಗೆ ಬಿತ್ತು. "ಅಕ್ತರಬೀ ಹಂತೇಲಿ ಏನೂ ಮಾತಾಡಬ್ಯಾಡವ್ವಾ. ಆಕಿ ಈಗ ಠಾಣ್ಯಾದವರ ಮಂದಿ." ಎಲ್ಲರ ಮೇಲೂ ಸಂಶಯಪಡುತ್ತಿದ್ದ ಅಕ್ತರಬೀಯ ಮೇಲೆ ಈಗ ಓಣಿಗೇ ಸಂಶಯ. ಕಪಾಟಿನ ಹಿಂದೆ ಕುಳಿತು, ಖಾಲಿ ಚಾಪೆ ನೋಡುತ್ತಾ, ತಾಯಿ ಬಾಗಿಲು ಬಾಗಿಲಿಗೆ ನಿಂತು ಕೂಗಿದ ಧ್ವನಿ ಆಕೆಗೆ ಕೇಳಿಸತೊಡಗಿತು. ಆ ತಾಯಿಯಾದರೂ ಬಾಯಿಬಿಟ್ಟಿದ್ದಳು. ಈಕೆ ಏನೂ ಹೇಳಿರಲಿಲ್ಲ.

ಕೊನೆಯ ಪೆಟ್ಟು ಭಾಲ್ಕಿಯಿಂದ ಬಂತು. ಐಶ್ವರ್ಯಾಳ ಕುಬಸ ನಿಶ್ಚಯವಾಗಿತ್ತು, ಚೊಚ್ಚಲ ಬಸಿರಿಗೆ ಹಸಿರು ಬಳೆ ತೊಡಿಸಿ ಸೀರೆ ಉಡಿಸುವ ಕಾರ್ಯ. ಶಾಂತಾಬಾಯಿ ಅಕ್ತರಬೀಗೆ ಹೇಳಿಕಳಿಸಲಿಲ್ಲ. ಭಾಲ್ಕಿಯ ಬಸ್‌ಸ್ಟ್ಯಾಂಡ್ ಬಳಿಯ ಯಾವುದೋ ಅಂಗಡಿಯಲ್ಲಿ ಬಳೆ ಇಡಿಸುತ್ತಾರಂತೆ ಎಂಬ ಸುದ್ದಿ ಬಂತು. ಅಕ್ತರಬೀ ಎತ್ತಿಟ್ಟಿದ್ದ ಹಸಿರು ಬಳೆಯ ಗೊಂಚಲನ್ನು ಕಪಾಟಿನ ತಳಕ್ಕೆ ತಳ್ಳಿದಳು.

ಆದರೆ ಕುಬಸದ ಹಿಂದಿನ ದಿನ, ಭಾನುವಾರ, ಮಧ್ಯಾಹ್ನದ ಬಿಸಿಲಿಗೆ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವಳು ಶಾಂತಾಬಾಯಿ. ಹಿಂದೆ, ಒಂದು ಕೈಯಿಂದ ಸೊಂಟ ಹಿಡಿದು, ಸೀರೆ ಉಟ್ಟ ಐಶ್ವರ್ಯಾ. ಬಲ ಅಂಗೈಗೆ ಅರಿಶಿನ ಮೆತ್ತಿದ ಬಟ್ಟೆ.

"ಆಕಿ ಕೈ ಬಾತದ, ಅಕ್ತರಬೀ," ಎಂದಳು ಶಾಂತಾಬಾಯಿ, ಮುಖ ಎತ್ತದೆ. "ಅಲ್ಲಿ ಇಡ್ಲಾಕ ಹೋದ್ರು, ಎಲ್ಲಾ ಹೆಚ್ಚಿದವು. ರಗತ ಬಂತು." ಬಳೆ ಒಡೆದವು ಎಂದು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿದವು ಎನ್ನುತ್ತಾರೆ. "ನಿನ್ನ ಕೈಯೇ ಬೇಕು ಆಕಿಗಿ."

"ಈಗ ನೆನಪಾತೇನ ನನ್ನ ಕೈ?" ಎಂದಳು ಅಕ್ತರಬೀ. ಬೈಯುತ್ತಲೇ ಎದ್ದು ಕಪಾಟಿನ ತಳದಿಂದ ಹಸಿರು ಗೊಂಚಲು ತೆಗೆದಳು, ಬೈಯುತ್ತಲೇ ಬಟ್ಟಲಿಗೆ ನೀರು ಹಾಕಿದಳು. ಹೊರಗೇ ಕೂರಿಸೋಣವೆಂದರೆ ಓಣಿಯ ಗಂಡಸರು ನಿಂತು ನೋಡುವ ಜಾಗ. ಪರದೆ ಸರಿಸಿದಳು.

ಒಳಖೋಲಿಯಲ್ಲಿ ಎಲ್ಲರೂ ಬಲ್ಬಿನ ಕೆಳಗೆ, ಚಾಪೆಯ ನಡುವೆ ಕೂರುತ್ತಾರೆ. ಶಾಂತಾಬಾಯಿಯೂ ಅಲ್ಲೇ ಕುಳಿತಳು. ಐಶ್ವರ್ಯಾ ಮಾತ್ರ ಗೋಡೆ ಹಿಡಿದುಕೊಂಡು, ತಲೆ ತಗ್ಗಿಸಿಕೊಂಡೇ, ಬೆಳಕೇ ಬೀಳದ ಎಡ ಮೂಲೆಗೆ ನೇರ ಹೋದಳು. ಚಾಪೆಯ ಅಂಚನ್ನು ಕಾಲಿನಿಂದ ಆ ಕಡೆ ಎಳೆದುಕೊಂಡಳು. ಸರಿಯಾಗಿ ಕ್ಯಾಮೆರಾದ ಬುಡದಲ್ಲಿ, ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಒಮ್ಮೆಯೂ ಮೇಲೆ ನೋಡಲಿಲ್ಲ.

ಅಕ್ತರಬೀ ಮೂಲೆಗೆ ಬಟ್ಟಲು ಒಯ್ದು ಕುಳಿತಳು. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಾತ ಗೆಣ್ಣು ಒತ್ತತೊಡಗಿದಳು. ಒಂದು ಬಳೆ ಏರಿತು, ಎರಡು ಏರಿದವು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಇಷ್ಟು ದಿನ ಈ ಖೋಲಿಯಲ್ಲೇ ಕುಳಿತ ನನಗೆ ಕ್ಯಾಮೆರಾಕ್ಕೆ ಕಾಣದ ಮೂಲೆ ಯಾವುದೆಂದು ಗೊತ್ತಿಲ್ಲ. ಒಂದೇ ಸಲ ಬಂದು ಹೋದ ಈ ಹುಡುಗಿಗೆ ಹೇಗೆ ಗೊತ್ತು? ಈ ಖೋಲಿಯ ಚಿತ್ರ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನೋಡಿದವರಿಗಷ್ಟೇ ಅದು ಗೊತ್ತಾಗಬೇಕು. ದಿನಾ ನೋಡಿದವರಿಗೆ.

ಎಡಗೈಯ ಕೊನೆಯ ಬಳೆ ಏರಿತು. ಅಕ್ತರಬೀಯ ಕೈ ನಿಂತಿತು.

ಆಕೆ ತನ್ನ ಕಿವಿ ಮುಟ್ಟಿಕೊಂಡು, ಕಣ್ಣಲ್ಲೇ ಮೇಲೆ ತೋರಿಸಿದಳು. ಕೇಳಿಸುತ್ತದೆಯೇ? ಐಶ್ವರ್ಯಾ ಹೌದೆಂದು ತಲೆ ಆಡಿಸಿದಳು. ಅಕ್ತರಬೀ ಒಂದು ದೊಡ್ಡ ಬಳೆ ಗೊಂಚಲನ್ನು ಶಾಂತಾಬಾಯಿಯ ಮಡಿಲಿಗೆ ಎಸೆದು, ಅಲುಗಾಡಿಸು ಎಂದು ಸನ್ನೆ ಮಾಡಿದಳು. ಶಾಂತಾಬಾಯಿಗೆ ಅರ್ಥವಾಗಲಿಲ್ಲ, ಆದರೂ ಅಲುಗಾಡಿಸಿದಳು. ಖೋಲಿ ತುಂಬ ಗಾಜಿನ ಸದ್ದು. ಶಾಂತಾಬಾಯಿ ಮೂಲೆಗೆ ಸರಿದಳು, ಆ ಸದ್ದಿನ ಕೆಳಗೆ ಮೂವರ ತಲೆಗಳು ಕೂಡಿದವು.

"ಎಲ್ಲಿ ನೋಡ್ತಾರ?"

"ಠಾಣ್ಯಾಗ ದೊಡ್ಡ ಟಿವಿ ಅದ, ಖಾಲಾ. ಎಲ್ಲಾ ಅಂಗಡೀದು ಬರ್ತದ. ಕಿರಾಣಿ ಅಂಗಡೀದು ಯಾರ್ ನೋಡ್ತಾರ? ಮಧ್ಯಾಹ್ನ ಚಹಾ ಬಂದಾಗ ನಿಮ್ಮದೇ ಹಚ್ತಾರ. ಒಬ್ಬಿಬ್ಬರ ಫೋನ್‌ದಾಗೂ ಅದ. ಬುರ್ಖಾ ತಗದಾಗ... ನಾ ಬ್ಯಾಡ ಅಂದೆ. ನನ್ನ ಮಾತು ಯಾರ್ ಕೇಳ್ತಾರ? ನಿನಗೂ ಬಳಿ ಬೇಕೇನವ್ವಾ ಅಂತ ನಕ್ಕರು."

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೌಕರಿ ಹೋಗ್ತದ, ಖಾಲಾ. ಮನ್ಯಾಗ ನಂದೊಂದೇ ಪಗಾರ."

ಬಳೆಯ ಸದ್ದು ನಿಂತೇ ಹೋಗಿತ್ತು. "ಅಲುಗಾಡ್ಸು ಅವ್ವಾ!" ಎಂದು ಮಗಳು ಗದರಿದಳು. ಶಾಂತಾಬಾಯಿ ಮತ್ತೆ ಅಲುಗಾಡಿಸಿದಳು, ಕಣ್ಣಲ್ಲಿ ನೀರು. "ನಾ ನಿನ್ನ ಮ್ಯಾಲ ಸಂಶಯ ಮಾಡಿದೆ, ಅಕ್ತರಬೀ. ನೀನೇ ಅವರಿಗಿ ಸೇರ್ಕೊಂಡಿ ಅಂದೆ."

ಅಕ್ತರಬೀಯ ಕೈ ಗೋಡೆಯ ವೈರಿನ ಕಡೆ ಹೋಯಿತು. ಒಂದು ಎಳೆತಕ್ಕೆ ಕಿತ್ತು ಬರುತ್ತಿತ್ತು. ಆದರೆ ಎಳೆದರೆ ಮಶೀನು ಮೆಸೇಜ್ ಕಳಿಸುತ್ತದೆ, ಕೂಡಲೇ ಯಾರಾದರೂ ಓಡಿ ಬರುತ್ತಾರೆ, ಬಂದವರಿಗೆ ಮೊದಲು ಸಿಗುವವಳು ಈ ಬಸುರಿ. ಬಲಗೈ ಇನ್ನೂ ಬರಿದು. ಎಬ್ಬಿಸಿ ಕಳಿಸುವಂತೆಯೂ ಇಲ್ಲ. ಅಕ್ತರಬೀ ಕೈ ಹಿಂದಕ್ಕೆ ತಂದಳು, ಸಾಬೂನು ಹಿಡಿದಳು.

"ಆ ಕೈ ಕೊಡು, ಬೇಟಿ."

ಗಾಯದ ಕೈ. ಒಂದೊಂದೇ ಬಳೆಯನ್ನು ಬಾತ ಬೆರಳುಗಳ ಮೇಲೆ ಜಾರಿಸಿದಳು. ಒಂದೂ ಹೆಚ್ಚಲಿಲ್ಲ. ಎರಡೂ ಕೈ ತುಂಬಿದ ಮೇಲೆ ತನ್ನ ಪದ್ಧತಿಯಂತೆ ಆಶೀರ್ವಾದದ ಬಳೆ ಎಂದು ಒಂದನ್ನು ಹೆಚ್ಚಿಗೆ ತೊಡಿಸಿದಳು. ಐಶ್ವರ್ಯಾ ಬಗ್ಗಿ ಕಾಲು ಮುಟ್ಟಲು ಹೋದಾಗ ತಡೆದು, ಕಿವಿಯಲ್ಲಿ ಹೇಳಿದಳು: "ನಿನ್ನ ಮನಿ ಮಾತು ನನ್ನ ಬುಟ್ಟ್ಯಾಗ ಬರಂಗಿಲ್ಲ."

ಆ ಮಾತಿನ ಭಾರ ನೋಡಿ. ಓಣಿಯ ಹೆಂಗಸರಿಗೆ ನಿಜ ಹೇಳಿದ್ದರೆ ಅದೇ ದಿನ ಆಕೆಯ ಹೆಸರು ಚೊಕ್ಕಟವಾಗುತ್ತಿತ್ತು. ಹೇಳುವಂತಿರಲಿಲ್ಲ. ಆಟೋ ಭಾಲ್ಕಿ ರಸ್ತೆಗೆ ತಿರುಗುವ ತನಕ ನಿಂತು ನೋಡಿದಳು. ಬಸ್ಸು ಹಿಡಿದು ಊರು ಸೇರಿದೆವು ಎಂದು ಶಾಂತಾಬಾಯಿಯ ಫೋನ್ ಬರುವ ತನಕ ಕಾದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದಳು. ಖಾಸಿಂ ಅಲಿ ಪರದೆಯ ಈಚೆ, "ಬಲ್ಬು ಹೋತೇನ?" ಎಂದು ಕೇಳಿದ. ವೈರು ಕಿತ್ತ ಸದ್ದು ಬಂತು.

ಸತೀಶಕುಮಾರನ ಫೋನ್ ಬರುವಷ್ಟರಲ್ಲಿ ಆಕೆ ಕ್ಯಾಮೆರಾ ಹಿಡಿದು ಅಂಗಡಿಯ ಬಾಗಿಲಿಗೆ ಬಂದಿದ್ದಳು.

"ಖಾಲಾ, ಬಂದ್ ಆಗ್ಯದಲ್ಲ?"

"ಹೂಂ, ಕಿತ್ತೀನಿ. ಬಾಗಲಕ್ಕ ಹಾಕಬೇಕಾದ್ರ ಬಾ, ಹಾದಿ ನೋಡ್ಕೊಂಡು ಬಿದ್ದಿರ್ಲಿ. ಒಳಗ ಬಂದ್ರ ಕಾಲು ಮುರೀತೀನಿ."

"ನಾಳಿಗಿ ಅವರು ಬಂದು ಸೀಲ್ ಹೊಡೀತಾರ ನೋಡ್ರಿ. ಯಾಕ ತಗದ್ರಿ ಅಂದ್ರ ಏನ್ ಹೇಳ್ಲಿ?"

"ನನಗ ಸೇರಲಿಲ್ಲ ಅಂತ ಹೇಳು. ನನ್ನ ಖೋಲಿ ಅದು. ಅದಕ್ಕಿಂತ ಬ್ಯಾರೆ ಕಾರಣ ಯಾಕ ಬೇಕು?" ಎಂದು ಫೋನ್ ಇಟ್ಟಳು. ಇಟ್ಟ ಮೇಲೂ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು, ಸ್ವಿಚ್ ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹೂತಳು.

ಖಾಸಿಂ ಅಲಿ ಬಾಗಿಲ ಬೀಗ ಮುಟ್ಟಿ ನೋಡಿದ. "ಬೀಗ ಹಾಕಿದ್ರ?"

"ಹಾಕ್ಲಿ. ಅಮ್ಮಾನ ಮಲಾರದ ಹಗ್ಗ ಎಲ್ಲಿ ಇಟ್ಟೀರಿ?"

ಹಗ್ಗ ಟ್ರಂಕಿನಲ್ಲಿತ್ತು. ಕುಬಸಕ್ಕೆ ಭಾಲ್ಕಿಗೆ ಹೋಗಬೇಕು, ಶಾಂತಾಬಾಯಿ ಹೋಗುವಾಗ ಮೂರು ಸಲ ಹೇಳಿದ್ದಳು. ಅಲ್ಲಿಂದ ಔರಾದಿನ ಹಳ್ಳಿಗಳು ದೂರವಲ್ಲ. ಹೆಗಲ ಮೇಲಿನ ಅಂಗಡಿಗೆ ಗೋಡೆಯಿಲ್ಲ, ಕ್ಯಾಮೆರಾ ಎಲ್ಲಿ ಹೊಡೆಯುತ್ತಾರೆ? ಸಂಜೆಯ ಮಗ್ರಿಬಿನ ಆಜಾನ್ ಆಯಿತು. ನಮಾಜ್ ಮುಗಿಸಿ ಆಕೆ ಕಪಾಟಿನ ಬಳೆಗಳನ್ನು ತೆಗೆದು, ಸೈಜು ನೋಡಿ, ಹಗ್ಗಕ್ಕೆ ಪೋಣಿಸಿದಳು. ಐಶ್ವರ್ಯಾ ಕುಳಿತಿದ್ದ ಅದೇ ಮೂಲೆಯಲ್ಲಿ ಕುಳಿತು ಪೋಣಿಸಿದಳು.

ಏಳುವಾಗ ಮೇಲೆ ನೋಡಿದಳು. ಕ್ಯಾಮೆರಾ ಇರಲಿಲ್ಲ. ತೂತು ಇತ್ತು. ಸಣ್ಣ ತೂತು, ಆಚೆ ಕತ್ತಲು. ಆಮೇಲೆ ಮತ್ತೆ ಸ್ಟೂಲು ಎಳೆದು ಹತ್ತಿ, ಬಟ್ಟಲಲ್ಲಿ ನೆನೆದು ಮೆತ್ತಗಾಗಿದ್ದ ಸಾಬೂನಿನ ತುಂಡನ್ನು ಆ ತೂತಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮುಚ್ಚಿದಳು.